ಹೊಸ ಟ್ಯಾಂಕಿಗೆ ಇಳಿದದ್ದು

ಆ ಟ್ಯಾಂಕಿಗೆ ಇನ್ನೂ ಒಂದು ಚೊಂಬು ಕೊಳಕು ನೀರೂ ಬಿದ್ದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಂಗತಿ ಕೇಳಿದವರೆಲ್ಲ "ಗ್ಯಾಸ್ ಇತ್ತಾ? ವಾಸನೆ ಬರಲಿಲ್ವಾ?" ಎಂದೇ ಕೇಳುತ್ತಾರೆ. ವಾಸನೆ ಬರಲು ಒಳಗೆ ಏನೂ ಇರಲಿಲ್ಲ. ಸಿಮೆಂಟು, ಮರ, ಮಳೆ ನೀರು, ಅಷ್ಟೇ.

ನಾನು ಕಲ್ಲು ಕಟ್ಟುವ ಮೇಸ್ತ್ರಿ. ತೀರ್ಥಹಳ್ಳಿ ಸುತ್ತಮುತ್ತ ಮನೆ, ಕೊಟ್ಟಿಗೆ, ಅಡಿಕೆ ಬೇಯಿಸುವ ಒಲೆ, ಧರೆ ಕುಸಿಯದ ಹಾಗೆ ಕಟ್ಟುವ ಗೋಡೆ, ಎಲ್ಲ ಮಾಡಿದ್ದೇನೆ. ಆದರೆ ಜನ ನನ್ನನ್ನು ಹೆಚ್ಚಾಗಿ ಕರೆಯುವುದು ಪಾಯಿಖಾನೆ ಗುಂಡಿಗೆ. 2014ರಲ್ಲಿ ಸ್ವಚ್ಛ ಭಾರತ ಶುರುವಾದ ಮೇಲೆ ನಮ್ಮ ಕಡೆ ಶೌಚಾಲಯ ಇಲ್ಲದ ಮನೆಗಳಿಗೆಲ್ಲ ಶೌಚಾಲಯ ಬಂತು. ಗೋಡೆಗೆ ಟೈಲ್ಸ್ ಯಾವುದು, ಕಮೋಡ್ ಯಾವುದು ಎಂದು ಮನೆಯವರು ದಿನಗಟ್ಟಲೆ ಚರ್ಚೆ ಮಾಡುತ್ತಾರೆ. ಗುಂಡಿಯ ಮಾತು ಬಂದರೆ "ಅದೆಂಥ, ನಾಲ್ಕು ರಿಂಗ್ ಇಳಿಸಿ ಮುಚ್ಚಿಬಿಡಿ" ಎನ್ನುತ್ತಾರೆ. ಆಮೇಲೆ ಆರಿದ್ರಾ ಮಳೆ ಹಿಡಿದುಕೊಳ್ಳುತ್ತದೆ, ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. "ಮೇಸ್ತ್ರೇ, ಕಮೋಡ್ ಗುಳುಗುಳು ಅಂತದೆ, ನೀರು ಹಾಕಿದ್ರೆ ಮೇಲೆ ಬತ್ತದೆ."

ಬಾರದೆ ಏನು? ನಮ್ಮ ನೆಲದಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಜೇಡಿ. ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಜೇಡಿ ಕುಡಿಯುವುದಿಲ್ಲ. ಪುನರ್ವಸು ಮಳೆಯ ಹೊತ್ತಿಗೆ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಏರಿರುತ್ತದೆ. ಬಾವಿಗೆ ಬಂದ ನೀರು ಹತ್ತಿರದಲ್ಲೇ ತೋಡಿದ ಗುಂಡಿಗೆ ಬರದೆ ಇರುತ್ತದೆಯೇ? ಅದು ಹೊರಗಿನಿಂದ ಒಳಗೆ ಬಂದರೆ ಒಳಗಿನದು ಹೊರಗೂ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮಳೆಗಾಲದ ಹೊಟ್ಟೆ ನೋವು, ಕಾಮಾಲೆಗೆ ನಾಟಿ ಔಷಧಿ ಮಾಡಿಸುತ್ತಾರೆ, ಬಾವಿಯಿಂದ ಗುಂಡಿಗೆ ಎಷ್ಟು ಮಾರು ಇದೆ ಎಂದು ಅಳೆಯುವುದಿಲ್ಲ.

ನಾನು ಹೇಳುತ್ತಿರುವ ಮನೆಯ ಯಜಮಾನರು ಹಾಗಲ್ಲ. ಬಾವಿ ಎಲ್ಲಿದೆ, ಇಳಿಜಾರು ಯಾವ ಕಡೆ ಎಲ್ಲ ನೋಡಿ ಜಾಗ ತೋರಿಸಿದರು. ದೊಡ್ಡ ತೋಟ, ಹಬ್ಬ ಹುಣ್ಣಿಮೆಗೆ ಮನೆ ತುಂಬ ನೆಂಟರು. "ಒಂದೇ ಸಲ ದೊಡ್ಡದಾಗಿ ಮಾಡಿಬಿಡಿ ಮೇಸ್ತ್ರೇ. ನಮ್ಮ ಕಾಲಕ್ಕೆ ಮತ್ತೆ ಅದರ ಮುಖ ನೋಡೋದು ಬ್ಯಾಡ" ಎಂದರು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಆಳ. ಆರು ಅಡಿ ಅಗಲಕ್ಕೆ ಚಪ್ಪಡಿ ನಿಲ್ಲುವುದಿಲ್ಲ, ಸ್ಲ್ಯಾಬೇ ಆಗಬೇಕು. ಮಳೆ ಬೀಳುವ ಮುಂಚೆ ಒಳಗೆ ಅಕೇಶಿಯಾ ಕಂಬ ಕೊಟ್ಟು, ಹಲಗೆ ಮತ್ತು ಅಡಿಕೆ ದಬ್ಬೆ ಹಾಸಿ ಸೆಂಟ್ರಿಂಗ್ ಮಾಡಿ ಸ್ಲ್ಯಾಬ್ ಹಾಕಿದೆವು. ಒಂದು ಮೂಲೆಯಲ್ಲಿ ಎರಡಡಿ ಚೌಕದ ಬಾಯಿ. ಸೆಂಟ್ರಿಂಗ್ ಬಿಚ್ಚುವಷ್ಟರಲ್ಲಿ ಮಳೆ ಬಂತು. ಆಳುಗಳು ನಾಟಿಗೆ ಹೋದರು. ಬಾಯಿಗೆ ತಗಡು ಮುಚ್ಚಿ, ಮೇಲೆ ಟಾರ್ಪಾಲು ಹೊದಿಸಿ, ಕಲ್ಲು ಹೇರಿ ಬಂದೆವು. ನಮ್ಮಲ್ಲಿ ಇದು ನಡೆಯುವ ಪದ್ಧತಿಯೇ. ಮಳೆಗಾಲ ಮುಗಿದ ಮೇಲೆ ಬಿಚ್ಚಿದರಾಯಿತು ಎನ್ನುತ್ತಾರೆ.

ನವರಾತ್ರಿಗೆ ಮುಂಚೆ ಹೋದೆವು. ನಾನು, ನನ್ನ ತಂಗಿಯ ಗಂಡ, ಇನ್ನಿಬ್ಬರು ಹುಡುಗರು, ಕಲ್ಲು ಹೊರಲು ಬರುವ ಒಬ್ಬ ಅಕ್ಕ. ಭಾವ ನನಗಿಂತ ಒಳ್ಳೆ ಕೆಲಸಗಾರರು. ಅವರ ಕೈಯಲ್ಲಿ ಎದ್ದ ಗೋಡೆಗೆ ತೂಗುಗುಂಡು ಹಿಡಿದು ನೋಡುವುದೇ ಬೇಡ ಎಂದು ನಾವೆಲ್ಲ ಹೇಳುತ್ತಿದ್ದೆವು. ತಗಡು ಸರಿಸಿದೆವು. ಒಳಗೆ ಮೊಣಕಾಲುದ್ದ ಮಳೆ ನೀರು ನಿಂತಿತ್ತು, ಮೇಲೆ ಮರದ ಪುಡಿ, ಬಿಳಿ ಬೂಷ್ಟು. ಒದ್ದೆ ಮರದ ವಾಸನೆ ಬಿಟ್ಟರೆ ಬೇರೇನಿಲ್ಲ. ಯಜಮಾನರ ಮನೆಯಿಂದ ಕಾಫಿ ಬಂತು. ಕುಡಿದು ಭಾವ ಲುಂಗಿ ಎತ್ತಿ ಕಟ್ಟಿ, ಹಾರೆ ಹಿಡಿದು ಏಣಿಯಲ್ಲಿ ಇಳಿದರು.

ಇಲ್ಲಿ ಒಂದು ಮಾತು. ಬಳಸಿದ ಗುಂಡಿಯಾಗಿದ್ದರೆ ನಾವು ಯಾರೂ ಇಳಿಯುತ್ತಿರಲಿಲ್ಲ. ಅದಕ್ಕೆ ಟ್ಯಾಂಕರ್ ಕರೆಸುತ್ತೇವೆ, ಮುಚ್ಚಳ ತೆಗೆದು ದೂರ ನಿಲ್ಲುತ್ತೇವೆ, ಮೂಗು ಮುಚ್ಚಿಕೊಳ್ಳುತ್ತೇವೆ. ಟ್ಯಾಂಕರ್ ಹತ್ತದ ಕಡೆ ಊರಾಚೆಯಿಂದ ಯಾರನ್ನೋ ಕರೆಸಿ ಇಳಿಸುತ್ತಿದ್ದ ಕಾಲವೂ ಇತ್ತು. ಅವರು ಯಾವ ಜಾತಿಯವರು ಎಂದು ಯಾರೂ ಕೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಂಥ ಗುಂಡಿಗೆ ಮನುಷ್ಯರನ್ನು ಇಳಿಸುವುದಕ್ಕೆ 2013ರ ಕಾಯ್ದೆಯಲ್ಲಿ ಜೈಲು ಇದೆ. ಸತ್ತರೆ ಕುಟುಂಬಕ್ಕೆ ಹತ್ತು ಲಕ್ಷ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಹೊಸ ಟ್ಯಾಂಕು ಎಂದರೆ ಈ ಭಯ, ಈ ಹೇಸಿಗೆ ಯಾವುದೂ ಇಲ್ಲ. ಮೈಲಿಗೆ ಇಲ್ಲದ ಕಡೆ ಅಪಾಯವೂ ಇಲ್ಲ ಎಂದು ನಮ್ಮ ತಲೆಯಲ್ಲಿ ಯಾರು ಕೂರಿಸಿದರೋ.

ಭಾವ ಒಂದು ಹಲಗೆ ಕಿತ್ತು ಮೇಲೆ ಕೊಟ್ಟರು. ಇನ್ನೊಂದಕ್ಕೆ ಹಾರೆ ಹಾಕಿದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. "ಭಾವ, ಹಾರೆ ಸಿಕ್ಕಿಕೊಂಡ್ತಾ?" ಎಂದೆ. ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಒಂದು ಕಂಬಕ್ಕೆ ಬೆನ್ನು ಕೊಟ್ಟು ನೀರಲ್ಲೇ ಕೂತಿದ್ದರು. ಸುಸ್ತಾಗಿ ಕೂತ ಹಾಗೆ. ತಲೆ ನಿಧಾನಕ್ಕೆ ಎದೆಯ ಮೇಲೆ ಬಾಗುತ್ತಿತ್ತು.

ಜಾರಿ ಬಿದ್ದಿರಬೇಕು, ಕರೆಂಟೂ ಇಲ್ಲವಲ್ಲ ಒಳಗೆ, ಎಂದುಕೊಂಡೇ ಇಳಿದೆ. ಕೆಳಗಿನಿಂದ ಎರಡನೇ ಮೆಟ್ಟಿಲಿಗೆ ಬಂದದ್ದು ಚೆನ್ನಾಗಿ ನೆನಪಿದೆ. ಎಡಗೈಯನ್ನು ಏಣಿಯ ಮೆಟ್ಟಿಲಿನ ಸಂದಿಗೆ ತೂರಿಸಿ, ಬಲಗೈ ಚಾಚಿ ಅವರ ಅಂಗಿಯ ಕಾಲರಿಗೆ ಎಟುಕಿಸಿದೆ. ಅಂಗಿ ನೀಲಿ ಬಣ್ಣದ್ದು. ನೋಡುತ್ತಿದ್ದ ಹಾಗೆ ಆ ನೀಲಿ ಬೂದಿ ಬಣ್ಣವಾಯಿತು. ಗೋಡೆಯ ಕೆಂಪು ಕಲ್ಲೂ ಬೂದಿಯಾಯಿತು. ಕಣ್ಣಿಗೆ ಏನೋ ಆಯಿತು ಎನ್ನುವಷ್ಟರಲ್ಲಿ ಮೊಣಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೆಮ್ಮು ಬರಲಿಲ್ಲ, ಗಂಟಲು ಕಟ್ಟಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಹೆದರಿಕೆ ಕೂಡ ಆಗಲಿಲ್ಲ, ಅದೇ ನನಗೆ ಈಗ ಹೆದರಿಕೆ ಹುಟ್ಟಿಸುವುದು. ಅಲ್ಲಿಂದ ಮುಂದೆ ನನಗೆ ಏನೂ ಗೊತ್ತಿಲ್ಲ.

ಮುಂದಿನದು ಬೇರೆಯವರು ಹೇಳಿದ್ದು. ನನ್ನ ಹಿಂದೆಯೇ ಒಬ್ಬ ಹುಡುಗ ಇಳಿಯಲು ಕಾಲು ಹಾಕಿದ್ದನಂತೆ. ಕಲ್ಲು ಹೊರುವ ಅಕ್ಕ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದು ಕೆಡವಿದರಂತೆ. ಅವರ ತವರಿನಲ್ಲಿ ಬಾವಿ ಕೆಸರು ತೆಗೆಯಲು ಇಳಿದ ಒಬ್ಬನನ್ನು ಎತ್ತಲು ಹೋಗಿ ಅವನ ತಮ್ಮನೂ ಸತ್ತಿದ್ದ. "ಯಾರೂ ಇಳೀಬ್ಯಾಡಿ, ಇಳಿದ್ರೆ ಮೂರನೇ ಹೆಣ ಬೀಳ್ತದೆ" ಎಂದು ಟ್ಯಾಂಕಿನ ಬಾಯಿಗೆ ಅಡ್ಡ ಕೂತರಂತೆ. ಏಣಿಯ ಸಂದಿಯಲ್ಲಿ ನನ್ನ ತೋಳು ಸಿಕ್ಕಿಕೊಂಡಿದ್ದರಿಂದ ತಲೆ ನೀರಿಗೆ ಬಿದ್ದಿರಲಿಲ್ಲ. ಹುಡುಗರು ಬೋರಲು ಮಲಗಿ ಕೈ ಇಳಿಬಿಟ್ಟು ನನ್ನ ಕೂದಲು, ಕಾಲರು ಹಿಡಿದು, ಏಣಿ ಸಮೇತ ಮೇಲೆ ಎಳೆದರು. ಮೊಣಕೈ ಚರ್ಮ ಪೂರ್ತಿ ಕಿತ್ತು ಬಂದಿತ್ತು. ಆ ಗಾಯದ ಕಲೆ ಇವತ್ತೂ ಇದೆ.

ಭಾವ ಕೈಗೆ ಎಟುಕುವ ಜಾಗದಲ್ಲಿ ಇರಲಿಲ್ಲ. ಯಜಮಾನರು ತೋಟಕ್ಕೆ ಔಷಧಿ ಊದಲು ಇಟ್ಟಿದ್ದ ಪೆಟ್ರೋಲ್ ಬ್ಲೋವರ್ ಹೊತ್ತು ಓಡಿ ಬಂದರು. ಇಂಜಿನ್ನಿನ ಹೊಗೆ ಒಳಗೆ ಹೋಗದ ಹಾಗೆ ದೂರ ಇಟ್ಟು, ಕೊಳವೆ ಮಾತ್ರ ಬಾಯಿಗೆ ಇಳಿಸಿ ಜೋರಾಗಿ ಗಾಳಿ ಊದಿದರು. ಅದೇ ಹೊತ್ತಿಗೆ ಇನ್ನೊಬ್ಬ ಹುಡುಗ ಆಚೆ ತುದಿಯಲ್ಲಿ ಸುತ್ತಿಗೆಯಿಂದ ಸ್ಲ್ಯಾಬ್ ಒಡೆಯಲು ಹಿಡಿದ. ತೂತು ಬಿದ್ದ ಮೇಲೆ ಒಂದು ಕಡೆಯಿಂದ ಹೋದ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಬರಲು ದಾರಿಯಾಯಿತು. ಆಮೇಲೆ ಒಬ್ಬನ ಕಂಕುಳಿಗೆ ಹಗ್ಗ ಕಟ್ಟಿ, ಹಗ್ಗದ ತುದಿ ಮೂವರು ಹಿಡಿದು ಇಳಿಸಿದರು. ಅವನು ಇನ್ನೊಂದು ಹಗ್ಗವನ್ನು ಭಾವನ ಎದೆಗೆ ಬಿಗಿದ. ಎಲ್ಲ ಸೇರಿ ಎಷ್ಟು ಹೊತ್ತಾಯಿತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಗಡಿಯಾರ ನೋಡುವವರು ಯಾರು?

ನನಗೆ ಎಚ್ಚರವಾದದ್ದು ಜೀಪಿನಲ್ಲಿ. ತಲೆ ಸಿಡಿಯುತ್ತಿತ್ತು, ವಾಂತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಮನೆಗೆ ಫೋನ್ ಮಾಡಲು ನಂಬರ್ ಕೇಳಿದರೆ ನನಗೆ ಹೆಂಡತಿಯ ನಂಬರಿನ ಒಂದು ಅಂಕೆಯೂ ನೆನಪಿಗೆ ಬರಲಿಲ್ಲ. ಭಾವನನ್ನು ಅಲ್ಲಿ ಇಟ್ಟುಕೊಳ್ಳಲಿಲ್ಲ, ಆಂಬುಲೆನ್ಸ್‌ನಲ್ಲಿ ಆಗುಂಬೆ ಘಾಟಿ ಇಳಿಸಿ ದೊಡ್ಡಾಸ್ಪತ್ರೆಗೆ ಒಯ್ದರು. ಆ ಹದಿನಾಲ್ಕು ತಿರುವಿನಲ್ಲಿ ಪ್ರತಿ ತಿರುವಿಗೂ ಇನ್ನಿಲ್ಲ ಅಂದುಕೊಂಡೆ ಎಂದು ತಂಗಿ ಆಮೇಲೆ ಹೇಳಿದಳು. ವೆಂಟಿಲೇಟರಿನಿಂದ ಅವರು ಹೊರಗೆ ಬರುತ್ತಾರೆ ಎಂದು ಡಾಕ್ಟರು ಮೊದಲು ಮಾತು ಕೊಡಲಿಲ್ಲ. ಬಂದರು.

ಏನಾಯಿತು ಎಂದು ನನಗೆ ಬಿಡಿಸಿ ಹೇಳಿದ್ದು ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಒದ್ದೆ ಮರ, ದಬ್ಬೆ, ಪುಡಿ ಎಲ್ಲ ಮುಚ್ಚಿದ ಜಾಗದಲ್ಲಿ ತಿಂಗಳುಗಟ್ಟಲೆ ಕೊಳೆತರೆ ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿರುವ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21ರ ಹತ್ತಿರ ಇರುತ್ತದೆ. 19.5ಕ್ಕಿಂತ ಕಡಿಮೆ ಇರುವ ಜಾಗಕ್ಕೆ ಕಾಲಿಡಬಾರದು ಎನ್ನುವುದು ನಿಯಮ. 10ಕ್ಕಿಂತ ಇಳಿದರೆ ಎಚ್ಚರ ತಪ್ಪುತ್ತದೆ, 6ರ ಸುತ್ತ ಬಂದರೆ ಬದುಕುವುದು ಕೆಲವೇ ನಿಮಿಷ. ಮತ್ತೆ ನನಗೆ ಉಸಿರು ಕಟ್ಟಿದ ಹಾಗೆ ಯಾಕೆ ಆಗಲಿಲ್ಲ ಎಂದು ಕೇಳಿದೆ. ಉಸಿರು ಕಟ್ಟುವ ಸಂಕಟ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಆಮ್ಲಜನಕ ತೀರಾ ಕಡಿಮೆ ಇದ್ದರೆ ಒಂದೆರಡು ಉಸಿರಿಗೇ ಮೆದುಳು ಕೈಬಿಡುತ್ತದೆ, ಸಂಕಟ ಪಡಲು ಪುರುಸೊತ್ತು ಎಲ್ಲಿ ಎಂದರು. ಬಣ್ಣ ಮಾಸಿದ್ದೂ ಅದೇ ಕಾರಣಕ್ಕೆ.

ಊರಿಗೆ ಬಂದ ಮೇಲೆ ಬುದ್ಧಿ ಹೇಳುವವರು ಸಾಲುಗಟ್ಟಿದರು. ದೀಪ ಇಳಿಸಿ ನೋಡಬಾರದಿತ್ತಾ ಎಂದವರೇ ಹೆಚ್ಚು. ನಮ್ಮ ಟ್ಯಾಂಕಿನಲ್ಲಿ ದೀಪ ಆರುತ್ತಿತ್ತೇನೋ, ನಿಜ. ಬಳಸಿದ ಗುಂಡಿಗೆ ದೀಪ ಇಳಿಸಿದರೆ ಅಲ್ಲಿರುವ ಮೀಥೇನ್ ಹೊತ್ತಿಕೊಂಡು ಮುಖವೇ ಬೇಯುತ್ತದೆ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಉರುಳುತ್ತಾನೆ. ಅದರ ವಾಸನೆಯನ್ನೂ ನಂಬುವ ಹಾಗಿಲ್ಲ. ಅನಿಲ ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಎಂದು ಸಮಾಧಾನವಾಗುವ ಕ್ಷಣವೇ ಕೊನೆಯದು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ದೂಳಿಗೆ ಸರಿ, ಇಲ್ಲದ ಆಮ್ಲಜನಕವನ್ನು ಬಟ್ಟೆ ತಂದುಕೊಡುವುದಿಲ್ಲ.

ಭಾವ ಈಗ ಮನೆಯಲ್ಲಿದ್ದಾರೆ. ಮಾತು ಸರಿ ಇದೆ, ಊಟ ತಿಂಡಿ ಸರಿ ಇದೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಮರೆತಿರುತ್ತದೆ. ಕೈ ನಡುಗುತ್ತದೆ. ಕೆಲಸಕ್ಕೆ ಬರುತ್ತೇನೆ ಎಂದು ಹಟ ಮಾಡಿ ಒಂದು ದಿನ ಬಂದರು. ತೂಗುಗುಂಡಿನ ದಾರ ಹಿಡಿದು ನಿಂತರೆ ಗುಂಡು ಆಡುವುದು ನಿಲ್ಲಲೇ ಇಲ್ಲ. ದಾರವನ್ನು ಬೆರಳಿಗೆ ಸುತ್ತಿ ನನ್ನ ಕೈಗೆ ಕೊಟ್ಟು, ಮರಳು ಜರಡಿ ಹಿಡಿಯುತ್ತೇನೆ ಎಂದು ಹೋದರು. ಕಟ್ಟಡ ಕಾರ್ಮಿಕರ ಕಾರ್ಡಿತ್ತು, ನವೀಕರಣದ ತಾರೀಖು ದಾಟಿತ್ತು. ಸೊಸೈಟಿ ಸಾಲ, ತಂಗಿಯ ಸರ ಅಡವು, ಇದರ ಲೆಕ್ಕ ಬೇಡ. ಕಾಯ್ದೆ, ಕೋರ್ಟಿನ ಮೂವತ್ತು ಲಕ್ಷ ಇರುವುದು ಕೊಳಕು ತೆಗೆಯಲು ಇಳಿದವರಿಗೆ. ಸೆಂಟ್ರಿಂಗ್ ಬಿಚ್ಚಲು ಇಳಿದವನು ಸೆಪ್ಟಿಕ್ ಟ್ಯಾಂಕಿನಲ್ಲಿ ಬಿದ್ದರೂ ಅದು ಬರೀ ಕಟ್ಟಡದ ಕೆಲಸ.

ನಾನು ಮತ್ತೆ ಕರಣೆ ಹಿಡಿಯಲು ತಿಂಗಳುಗಳೇ ಬೇಕಾದವು. ಕೈಗೆ ಆಗುತ್ತಿತ್ತು, ಬಗ್ಗಿ ಕತ್ತಲೆ ನೋಡಲು ಆಗುತ್ತಿರಲಿಲ್ಲ. ಆ ಬಿಡುವಿನಲ್ಲಿ ಪರಿಚಯದ ಒಬ್ಬ ಇಂಜಿನಿಯರ್ ಐ.ಎಸ್. 2470 ಎಂಬ ಭಾರತೀಯ ಮಾನಕದ ಜೆರಾಕ್ಸ್ ಕೊಟ್ಟರು. ಸೆಪ್ಟಿಕ್ ಟ್ಯಾಂಕ್ ಹೇಗೆ ಕಟ್ಟಬೇಕು ಎಂದು ಅದರಲ್ಲಿದೆ. ಮಗಳು ಓದಿ ಹೇಳಿದಳು. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರು ನಿಲ್ಲುವ ಆಳ, ಅದರ ಮೇಲೆ ಒಂದಡಿ ಖಾಲಿ. ಹತ್ತು ಜನಕ್ಕೂ ಎರಡು ಮೀಟರ್ ಉದ್ದ, ತೊಂಬತ್ತು ಸೆಂಟಿಮೀಟರ್ ಅಗಲ ಸಾಕು. ನಾನು "ಮತ್ತೊಂದ್ಸಲ ಓದು" ಎಂದೆ. ಮುಕ್ಕಾಲು ಮೀಟರ್ ಎಂದರೆ ಎರಡೂವರೆ ಅಡಿ. ಎರಡೂವರೆ ಅಡಿ ಅಗಲದ ಗೋಡೆಯ ಮೇಲೆ ಚಪ್ಪಡಿ ಕಲ್ಲೇ ಕೂರುತ್ತದೆ. ಹೊರಗೆ ಅಂಗಳದಲ್ಲಿ ಎರಕ ಹೊಯ್ದು ಒಣಗಿಸಿದ ಚಿಕ್ಕ ಚಿಕ್ಕ ಸ್ಲ್ಯಾಬ್ ತಂದು ಅಡ್ಡಕ್ಕೆ ಜೋಡಿಸಿದರೆ ಮುಗಿಯಿತು. ಸೆಂಟ್ರಿಂಗೇ ಬೇಡ. ಸೆಂಟ್ರಿಂಗ್ ಇಲ್ಲದಿದ್ದರೆ ಬಿಚ್ಚಲು ಇಳಿಯುವುದೂ ಬೇಡ. ಮುಂದೆ ರಿಪೇರಿ ಬಂದರೆ ಬೇಕಾದ ಕಡೆ ಸ್ಲ್ಯಾಬ್ ಎತ್ತಿ, ಆಕಾಶದ ಕೆಳಗೆ ನಿಂತು ಕೆಲಸ ಮಾಡಬಹುದು. ದೊಡ್ಡದು ಮಾಡಿ, ಮುಖ ನೋಡೋದು ಬ್ಯಾಡ ಎನ್ನುವ ಆಸೆಯೇ ನಮಗೆ ಆ ಆರು ಅಡಿ ಸ್ಲ್ಯಾಬನ್ನು ಹಾಕಿಸಿದ್ದು. ಟ್ಯಾಂಕಿನ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ತೆಗೆಸಬೇಕು. ಇಪ್ಪತ್ತು ವರ್ಷ ಬಿಟ್ಟರೆ ಅದು ತಳದಲ್ಲಿ ಗಟ್ಟಿಯಾಗಿ, ಟ್ಯಾಂಕರಿನ ಪೈಪಿಗೂ ಏಳದೆ, ಕೊನೆಗೆ ಯಾರಾದರೂ ಸಲಿಕೆ ಹಿಡಿದು ಇಳಿಯಬೇಕಾಗುತ್ತದೆ.

ಈಗ ನನ್ನ ಕೆಲಸದ ಕ್ರಮವೇ ಬೇರೆ. ಟ್ಯಾಂಕಿನ ಜಾಗ ಹುಡುಕುವ ಮೊದಲು ನೀರು ಎಲ್ಲಿ ಇಂಗುತ್ತದೆ ಎಂದು ಹುಡುಕುತ್ತೇನೆ. ಅಡಿ ಅಗಲದ ಕುಳಿ ತೋಡಿ, ತಳಕ್ಕೆ ಒಂದಿಷ್ಟು ಜಲ್ಲಿ ಹಾಕಿ, ಹಿಂದಿನ ದಿನವೇ ನೀರು ಬಿಟ್ಟು ಮಣ್ಣು ನೆನೆಸಿ, ಮರುದಿನ ನೀರು ನಿಲ್ಲಿಸಿ ವಾಚು ನೋಡುತ್ತಾ ಕೂರುತ್ತೇನೆ. ಇಪ್ಪತ್ತೈದು ಮಿಲಿಮೀಟರ್ ನೀರು 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ. 60ರವರೆಗೆ ಹೋದರೆ ಜಲ್ಲಿ ತುಂಬಿದ ಉದ್ದನೆಯ ಕಾಲುವೆ. ಅದಕ್ಕೂ ಮೀರಿದರೆ ಆ ಮಣ್ಣನ್ನು ನಂಬಿ ಪ್ರಯೋಜನವಿಲ್ಲ, ಜಲ್ಲಿ ತುಂಬಿದ ಸೋಸುವ ತೊಟ್ಟಿಯನ್ನೇ ಕಟ್ಟಬೇಕು. ಬಾವಿಯಿಂದ ಇಂಗುಗುಂಡಿಗೆ 18 ಮೀಟರ್ ಇರಬೇಕು, ಅರವತ್ತು ಅಡಿ. ಸಣ್ಣ ಹಿತ್ತಲಿನವರು ಈ ಮಾತಿಗೆ ಮುಖ ಸಿಂಡರಿಸುತ್ತಾರೆ. ಅಂಥವರಿಗೂ ಒಂದೆರಡು ಹೆಜ್ಜೆ ಬಿಟ್ಟುಕೊಡುವುದಿಲ್ಲ, ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಿ ಎನ್ನುತ್ತೇನೆ.

ರಿಪೇರಿಗೆ ಹೋದರೆ ಮೊದಲು ಹೊರಗೇ ಸುತ್ತುತ್ತೇನೆ. ನೂರಕ್ಕೆ ಎಷ್ಟೋ ಪಾಲು ತೊಂದರೆ ಟ್ಯಾಂಕಿನ ಒಳಗೆ ಇರುವುದೇ ಇಲ್ಲ. ಬಚ್ಚಲ ನೀರು, ವಾಷಿಂಗ್ ಮೆಷಿನ್ ನೀರು ಎಲ್ಲವನ್ನೂ ಇದಕ್ಕೇ ತಿರುಗಿಸಿರುತ್ತಾರೆ. ಹಿಂದಿನವರು ಬಚ್ಚಲ ನೀರನ್ನು ಬಾಳೆ ಬುಡಕ್ಕೆ ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ. ಇಲ್ಲವೇ ಹಲಸಿನ ಬೇರು ಪೈಪಿನೊಳಗೆ ಹೊಕ್ಕಿರುತ್ತದೆ. ಇಲ್ಲವೇ ಹೊರಗೆ ಹೋಗುವ ಬಾಯಿಯ ಟೀ ಪೈಪ್ ಮುರಿದು, ಮೇಲೆ ತೇಲುವ ಕೆನೆ ನೇರವಾಗಿ ಇಂಗುಗುಂಡಿಗೆ ಹೋಗಿ ಮಣ್ಣಿನ ಕಣ್ಣು ಮುಚ್ಚಿರುತ್ತದೆ. ಬಾಯಿ ತೆಗೆದು, ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಒಳಗೆ ಬಿಟ್ಟರೆ ಟೀ ಕಾಣುತ್ತದೆ. ಹೊಸ ಟೀಯನ್ನು ಉದ್ದನೆಯ ಪೈಪಿಗೆ ಸಿಕ್ಕಿಸಿ ಮೇಲಿನಿಂದಲೇ ಕೂರಿಸುವ ಉಪಾಯ ಹುಡುಕಿಕೊಂಡಿದ್ದೇನೆ. ಮೇಲಿನಿಂದ ಆಗದ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. "ಸ್ವಲ್ಪ ಇಳಿದು ನೋಡಿ ಮೇಸ್ತ್ರೇ, ಹೊಸದೇ ಅಲ್ವಾ" ಎಂದು ಈಗಲೂ ಹೇಳುತ್ತಾರೆ. ಅಂಗಿ ತೋಳು ಮಡಚಿ ಮೊಣಕೈ ತೋರಿಸುತ್ತೇನೆ.

ಯಜಮಾನರ ಆ ಟ್ಯಾಂಕನ್ನು ಕೊನೆಗೆ ನಾನೇ ಮುಗಿಸಿಕೊಟ್ಟೆ. ಬೇಸಿಗೆಯಲ್ಲಿ ಸ್ಲ್ಯಾಬನ್ನು ಪೂರ್ತಿ ಒಡೆಸಿ, ಸೆಂಟ್ರಿಂಗ್ ಮರವನ್ನು ಮೇಲಿನಿಂದ ಕೊಕ್ಕೆ ಹಾಕಿ ಎಳೆದು ತೆಗೆದೆವು. ಮೇಲೆ ಮುಚ್ಚಿಗೆಯೇ ಇಲ್ಲದೆ ವಾರಗಟ್ಟಲೆ ಬಿಸಿಲು ಬಿದ್ದ ಮೇಲೆ ಉದ್ದಕ್ಕೆ ಮಧ್ಯ ಒಂದು ಗೋಡೆ ಎಬ್ಬಿಸಿದೆ. ಒಂದು ಪಾಲು ಟ್ಯಾಂಕಾಯಿತು, ಇನ್ನೊಂದು ಪಾಲಿಗೆ ಕಲ್ಲು ಮಣ್ಣು ತುಂಬಿಸಿದೆ. ಅಷ್ಟು ತೋಡಿಸಿದ್ದೆಲ್ಲ ದಂಡವಾಯ್ತಲ್ಲ ಎಂದು ಯಜಮಾನರು ಗೊಣಗಿದರು, ಆದರೆ ತಡೆಯಲಿಲ್ಲ. ಆಸ್ಪತ್ರೆಗೆ ಅವರು ಕೊಟ್ಟ ದುಡ್ಡನ್ನು ಇವತ್ತಿಗೂ ವಾಪಸ್ ಕೇಳಿಲ್ಲ. ಒಡೆದ ಸ್ಲ್ಯಾಬಿನ ಕಬ್ಬಿಣ, ಸಿಮೆಂಟಿನ ಲೆಕ್ಕ ಮಾತ್ರ ಬಗೆಹರಿದಿಲ್ಲ. ಅರ್ಧ ನಿಮ್ಮದು ಅರ್ಧ ನಮ್ಮದು ಎನ್ನುತ್ತಾರೆ ಅವರು. ಅಡಿಕೆ ಕೊಯ್ಲು ಮುಗಿಯಲಿ, ಕೂತು ಮಾತಾಡೋಣ ಎಂದಿದ್ದೇನೆ.